ಹಾದಿಯ ತೀರ್ಮಾನ ಯಾರದು? ದಕ್ಷಿಣ ಕ್ಯಾಲಿಫೋರ್ನಿಯಾದ ರಸ್ತೆಗಳು ಮತ್ತು ಜನಮತ

(ಎಲ್ ಸೆಗುಂಡೋದಲ್ಲಿ ಕೂಟದ ಸದಸ್ಯರ ಮುಂದೆ ಓದಿದ ಅತಿಥಿ ಉಪನ್ಯಾಸದ ಪಠ್ಯ)



ಅತಿಥಿ ಉಪನ್ಯಾಸಕನಾಗಿ ಬಂದವನು ಹೊಯ್ಸಳರನ್ನೋ ವಿಜಯನಗರವನ್ನೋ ಕುರಿತು ನಾಲ್ಕು ಮಾತು ಹೇಳಬೇಕೆಂಬುದು ನಮ್ಮ ಕೂಟಗಳ ವಾಡಿಕೆ. ಆ ವಾಡಿಕೆಯನ್ನು ಮುರಿಯುತ್ತಿರುವುದಕ್ಕೆ ಮೊದಲೇ ಕ್ಷಮೆ ಬೇಡುತ್ತೇನೆ. ಸಭೆ ಸೇರುವ ಮುನ್ನ ಕಾಫಿಯ ಲೋಟ ಹಿಡಿದು ನಿಂತಿದ್ದ ಗುಂಪುಗಳಲ್ಲಿ ನನ್ನ ಕಿವಿಗೆ ಬಿದ್ದ ಮಾತೆಲ್ಲ ಒಂದೇ ಬಗೆಯದು: ಯಾರು ಯಾವ ಹಾದಿಯಿಂದ ಬಂದರು, 405ರಲ್ಲಿ ಎಷ್ಟು ಹೊತ್ತು ಸಿಕ್ಕಿಕೊಂಡರು, ಸ್ಯಾನ್ ಡಿಯೇಗೋದಿಂದ ಬಂದವರು ಎಷ್ಟು ಗಂಟೆಗೆ ಮನೆ ಬಿಟ್ಟರು ಎಂಬುದು. ಇಷ್ಟು ಆಸಕ್ತಿಯಿಂದ ದಿನವೂ ಮಾತನಾಡುವ ಒಂದು ವಸ್ತುವಿಗೆ ಇತಿಹಾಸವೂ ಇದೆಯೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ಈ ರಸ್ತೆ ಇಲ್ಲಿಯೇ ಏಕೆ ಹೋಗುತ್ತದೆ, ಇಷ್ಟೇ ಅಗಲ ಏಕಿದೆ, ಇದಕ್ಕೆ ಹಣ ಕೊಟ್ಟವರು ಯಾರು, ಯಾರನ್ನು ಕೇಳಿ ಮಾಡಿದರು? ಕೊನೆಯ ಪ್ರಶ್ನೆಯನ್ನೇ ಇಂದಿನ ಉಪನ್ಯಾಸದ ವಿಷಯವಾಗಿ ಆರಿಸಿಕೊಂಡಿದ್ದೇನೆ. ರಸ್ತೆಯ ವಿಚಾರವನ್ನು ಜನರ ಮತಕ್ಕೆ ಹಾಕುವುದು ಈ ಸೀಮೆಯಲ್ಲಿ ನೂರು ವರ್ಷಗಳ ಹಳೆಯ ಪದ್ಧತಿ. ಅದರಿಂದ ಆದ ಒಳಿತೆಷ್ಟು, ಆಗದೆ ಉಳಿದ ನ್ಯಾಯವೆಷ್ಟು ಎಂಬುದನ್ನು ನೋಡೋಣ.

ಕಡಲತೀರದ ಒಂದು ರಸ್ತೆ

ನಾವು ಕುಳಿತಿರುವ ಈ ಊರಿನಿಂದಲೇ ಆರಂಭಿಸುತ್ತೇನೆ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯು ಕ್ಯಾಲಿಫೋರ್ನಿಯಾದಲ್ಲಿ ತನ್ನ ಎರಡನೆಯ ತೈಲ ಸಂಸ್ಕರಣಾಗಾರವನ್ನು 1911ರಲ್ಲಿ ಇಲ್ಲಿ ಸ್ಥಾಪಿಸಿದುದರಿಂದ ಈ ಊರಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಎರಡನೆಯದು’ ಎಂಬ ಹೆಸರು ಬಂತು. 1917ರಲ್ಲಿ ಅದು ಪ್ರತ್ಯೇಕ ನಗರವಾಯಿತು. ಉತ್ತರಕ್ಕೆ ವಿಮಾನ ನಿಲ್ದಾಣ, ದಕ್ಷಿಣಕ್ಕೆ ತೈಲಾಗಾರ, ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ನಮ್ಮವರನೇಕರು ದುಡಿಯುವ ವಿಮಾನ ಮತ್ತು ಉಪಗ್ರಹಗಳ ಕಾರ್ಖಾನೆ ಕಚೇರಿಗಳು. ರಾತ್ರಿ ಇಲ್ಲಿ ಮಲಗುವವರು ಸುಮಾರು 17 ಸಾವಿರ ಮಂದಿ. ಹಗಲು ದುಡಿಯಲು ಬರುವವರು ಅದರ ಹಲವು ಪಟ್ಟು. ಮತದಾರರು ಕಡಿಮೆ, ಹಾದಿಹೋಕರು ಹೆಚ್ಚು ಎನ್ನಬಹುದಾದ ಊರು ಇದು.

ಊರಿನ ಪಶ್ಚಿಮಕ್ಕೆ, ಸಮುದ್ರದ ದಡದಲ್ಲಿಯೇ, ವಿಸ್ಟಾ ಡೆಲ್ ಮಾರ್ ಎಂಬ ರಸ್ತೆಯಿದೆ. ಇಲ್ಲಿಂದ ಉತ್ತರಕ್ಕೆ ಪ್ಲಾಯಾ ಡೆಲ್ ರೇ ಕಡೆಗೆ ಹೋಗುವ ಅದರ ಭಾಗ ಲಾಸ್ ಏಂಜಲೀಸ್ ನಗರದ ಎಲ್ಲೆಯೊಳಗಿದೆ. ಅದರಲ್ಲಿ ಓಡಾಡುವವರಲ್ಲಿ ಬಹಳಷ್ಟು ಮಂದಿ ಎಲ್ ಸೆಗುಂಡೋ, ಮ್ಯಾನ್‌ಹಟ್ಟನ್ ಬೀಚ್ ಮೊದಲಾದ ಬೇರೆ ಊರುಗಳವರು. ಕಡಲತೀರಕ್ಕೆ ಬಂದವರು ರಸ್ತೆಯ ಅಂಚಿನಲ್ಲಿ ಕಾರು ನಿಲ್ಲಿಸಿ, ವೇಗವಾಗಿ ಬರುವ ವಾಹನಗಳ ನಡುವೆ ದಾಟುತ್ತಿದ್ದರು. 2015ರಲ್ಲಿ ಹೀಗೆ ದಾಟುತ್ತಿದ್ದ ಹದಿಹರೆಯದ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಳು. ಆ ಕುಟುಂಬದ ದಾವೆಯಲ್ಲಿ 2017ರಲ್ಲಿ ನಗರವು 95 ಲಕ್ಷ ಡಾಲರು ಪರಿಹಾರ ಕೊಡಲು ಒಪ್ಪಿತು. ಅದೇ ವರ್ಷದ ಮೇ ತಿಂಗಳಲ್ಲಿ ನಗರದ ಅಧಿಕಾರಿಗಳು ವಿಸ್ಟಾ ಡೆಲ್ ಮಾರ್ ರಸ್ತೆಯಲ್ಲಿಯೂ, ಸಮೀಪದ ಕಲ್ವರ್, ಜೆಫರ್ಸನ್, ಪರ್ಶಿಂಗ್ ರಸ್ತೆಗಳಲ್ಲಿಯೂ ಕಾರುಗಳ ಸಾಲುಗಳನ್ನು ಕಡಿಮೆ ಮಾಡಿದರು.

ಮರುದಿನದಿಂದ ಎದ್ದ ಗದ್ದಲ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಇಪ್ಪತ್ತು ನಿಮಿಷದ ಹಾದಿ ಮುಗಿಯದ ಹಾದಿಯಾಯಿತೆಂದು ಕಚೇರಿಗೆ ಹೋಗುವವರು ಸಿಡಿದೆದ್ದರು. ದಾವೆಗಳು ಹೂಡಲ್ಪಟ್ಟವು. ಆ ಭಾಗದ ನಗರಸಭಾ ಸದಸ್ಯ ಮೈಕ್ ಬೋನಿನ್ ಅವರನ್ನು ಹಿಂದಕ್ಕೆ ಕರೆಸಿಕೊಳ್ಳುವ ಚಳವಳಿಯೂ ಆರಂಭವಾಯಿತು. ಆಗಸ್ಟ್ ವೇಳೆಗೆ ವಿಸ್ಟಾ ಡೆಲ್ ಮಾರ್ ಮೊದಲಿನಂತಾಯಿತು; ಅಕ್ಟೋಬರಿನಲ್ಲಿ ಉಳಿದ ಮುಖ್ಯ ರಸ್ತೆಗಳ ಸಾಲುಗಳನ್ನೂ ಹಿಂದಿರುಗಿಸುವ ಪ್ರಕಟಣೆ ಬಂತು.

ಈ ಪ್ರಸಂಗದಲ್ಲಿ ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಹೇಳಲು ನಾನು ಹೊರಟಿಲ್ಲ. ಗಮನಿಸಬೇಕಾದ ಸಂಗತಿ ಬೇರೆ. ಬದಲಾವಣೆಗೆ ಮೊದಲು ಯಾರ ಮತವನ್ನೂ ಕೇಳಿರಲಿಲ್ಲ. ಕೇಳಿದ್ದರೂ ಎಲ್ ಸೆಗುಂಡೋದವರಿಗೆ ಮತ ಹಾಕುವ ಹಕ್ಕು ಇರುತ್ತಿರಲಿಲ್ಲ, ಏಕೆಂದರೆ ರಸ್ತೆ ಅವರ ನಗರದ್ದಲ್ಲ. ರಸ್ತೆಯ ಪಕ್ಕದಲ್ಲಿ ಬಾಳುವವನ ಕ್ಷೇಮ, ರಸ್ತೆಯಲ್ಲಿ ಹಾದುಹೋಗುವವನ ಅನುಕೂಲ, ಇವೆರಡೂ ಡಿಕ್ಕಿ ಹೊಡೆದಾಗ ಮತಪೆಟ್ಟಿಗೆ ಯಾರ ಮುಂದಿರಬೇಕು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಂದಕ್ಕೆ ಹೋಗೋಣ.

ಹಕ್ಕು ಬಂದ ಬಗೆ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕ್ಯಾಲಿಫೋರ್ನಿಯಾದ ರಾಜಕೀಯವು ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಯ ಹಿಡಿತದಲ್ಲಿತ್ತು. ಚುನಾಯಿತರಾದವರು ಜನರ ಮಾತಿಗಿಂತ ಕಂಪನಿಯ ಮಾತಿಗೆ ಹೆಚ್ಚು ಬೆಲೆ ಕೊಡುತ್ತಾರೆಂಬ ಅಸಮಾಧಾನ ವ್ಯಾಪಕವಾಗಿತ್ತು. ಲಾಸ್ ಏಂಜಲೀಸಿನಲ್ಲಿ ಜಾನ್ ರ‍್ಯಾಂಡಾಲ್ಫ್ ಹೇನ್ಸ್ ಎಂಬ ವೈದ್ಯರು ಈ ರೋಗಕ್ಕೆ ಮೂರು ಔಷಧಗಳನ್ನು ಸೂಚಿಸಿ ವರ್ಷಗಟ್ಟಲೆ ಹೋರಾಡಿದರು. ಜನರೇ ಕಾನೂನನ್ನು ಪ್ರಸ್ತಾಪಿಸುವುದು, ಪ್ರತಿನಿಧಿಗಳು ಮಾಡಿದ ಕಾನೂನನ್ನು ಜನರ ಮತಕ್ಕೆ ಹಾಕುವುದು, ಅವಧಿ ಮುಗಿಯುವ ಮೊದಲೇ ಪ್ರತಿನಿಧಿಯನ್ನು ಹಿಂದಕ್ಕೆ ಕರೆಸಿಕೊಳ್ಳುವುದು, ಇವೇ ಆ ಮೂರು. 1903ರಲ್ಲಿ ನಗರದ ಸನ್ನದಿಗೆ ಇವು ಸೇರಿದವು. 1911ರ ಅಕ್ಟೋಬರ್ 10ರಂದು, ಗವರ್ನರ್ ಹೈರಮ್ ಜಾನ್ಸನ್ ಅವರ ಕಾಲದಲ್ಲಿ, ಇಡೀ ರಾಜ್ಯದ ಮತದಾರರು ಇವನ್ನು ಸಂವಿಧಾನಕ್ಕೆ ಸೇರಿಸಿದರು. ಅದೇ ದಿನದ ಮತದಾನದಲ್ಲಿ ಕ್ಯಾಲಿಫೋರ್ನಿಯಾದ ಸ್ತ್ರೀಯರಿಗೂ ಮತಾಧಿಕಾರ ದೊರಕಿತು. ಹೀಗಾಗಿ ನೇರ ಜನಮತದ ಪದ್ಧತಿಯೂ ಮಹಿಳೆಯರ ಮತವೂ ಈ ರಾಜ್ಯದಲ್ಲಿ ಒಂದೇ ದಿನ ಹುಟ್ಟಿದ ಅವಳಿಗಳು.

ಇದಲ್ಲದೆ ನಗರಗಳು ದೊಡ್ಡ ಸಾಲ ಎತ್ತಬೇಕಾದರೆ ಬಾಂಡುಗಳಿಗೆ ಮತದಾರರ ಒಪ್ಪಿಗೆ ಬೇಕು ಎಂಬ ನಿಯಮವಿತ್ತು. ರಸ್ತೆಗೆ ಹಣ ಬೇಕು, ಹಣಕ್ಕೆ ಸಾಲ ಬೇಕು, ಸಾಲಕ್ಕೆ ಮತ ಬೇಕು. ರಸ್ತೆ ಮತಪತ್ರದ ಮೇಲೆ ಬಂದದ್ದು ಈ ಮಾರ್ಗವಾಗಿ.

1924 ಮತ್ತು 1926

1920ರ ಹೊತ್ತಿಗೇ ಲಾಸ್ ಏಂಜಲೀಸಿನ ಪೇಟೆಯ ಬೀದಿಗಳು ಕಾರುಗಳಿಂದ ಕಟ್ಟಿಹೋಗಿದ್ದವು. ಆ ವರ್ಷದ ಏಪ್ರಿಲಿನಲ್ಲಿ ಪೇಟೆಯಲ್ಲಿ ಹಗಲು ಹೊತ್ತು ಕಾರು ನಿಲ್ಲಿಸುವುದನ್ನೇ ನಗರಸಭೆ ನಿಷೇಧಿಸಿತು. ವ್ಯಾಪಾರ ಕುಸಿದು, ವರ್ತಕರೂ ಕಾರುಳ್ಳವರೂ ಕೂಗೆಬ್ಬಿಸಿದ್ದರಿಂದ ಕೆಲವೇ ವಾರಗಳಲ್ಲಿ ನಿಷೇಧವನ್ನು ಸಡಿಲಿಸಬೇಕಾಯಿತು. ವಿಸ್ಟಾ ಡೆಲ್ ಮಾರ್ ಕಥೆ ಹೊಸದೇನಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಆಮೇಲೆ ನಗರವು ಹೆಚ್ಚು ವಿವೇಕದ ಹಾದಿ ಹಿಡಿಯಿತು. ಫ್ರೆಡರಿಕ್ ಲಾ ಓಮ್‌ಸ್ಟೆಡ್ ಕಿರಿಯರು, ಹಾರ್‌ಲ್ಯಾಂಡ್ ಬಾರ್ಥಾಲೊಮ್ಯೂ, ಚಾರ್ಲ್ಸ್ ಚೆನಿ ಎಂಬ ಮೂವರು ತಜ್ಞರು ಸೇರಿ 1924ರಲ್ಲಿ ನಗರದ ಪ್ರಧಾನ ಬೀದಿಗಳ ಯೋಜನೆಯೊಂದನ್ನು ಸಿದ್ಧಪಡಿಸಿದರು. ಎಲ್ಲೋ ಆರಂಭವಾಗಿ ಎಲ್ಲೋ ನಿಂತುಹೋಗುವ, ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದಾದ ಬೀದಿಗಳನ್ನು ನೇರಗೊಳಿಸಿ, ಅಗಲಿಸಿ, ಒಂದಕ್ಕೊಂದು ಜೋಡಿಸುವುದು ಅದರ ಉದ್ದೇಶ. ಅದೇ ನವೆಂಬರಿನಲ್ಲಿ ಯೋಜನೆಯೂ 50 ಲಕ್ಷ ಡಾಲರಿನ ಬಾಂಡುಗಳೂ ಮತಕ್ಕೆ ಬಂದು ಭಾರಿ ಬಹುಮತದಿಂದ ಅಂಗೀಕೃತವಾದವು. ಇಂದು ನೀವು ಓಡಾಡುವ ಎಷ್ಟೋ ಅಗಲ ಬೀದಿಗಳ ಹಿಂದೆ ಆ ದಿನದ ಮತವಿದೆ.

ಎರಡು ವರ್ಷಗಳ ನಂತರ, 1926ರ ಏಪ್ರಿಲ್ 30ರಂದು, ಇನ್ನೂ ಸ್ವಾರಸ್ಯಕರವಾದ ಮತದಾನ ನಡೆಯಿತು. ರೈಲ್ವೆ ಕಂಪನಿಗಳೆಲ್ಲ ಒಂದೇ ನಿಲ್ದಾಣಕ್ಕೆ ಬರಬೇಕೆಂಬುದು ನಗರದ ಬಯಕೆ. ಅದನ್ನು ತಪ್ಪಿಸಿಕೊಳ್ಳಲು ಕಂಪನಿಗಳು ಪೇಟೆಯ ಬೀದಿಗಳ ಮೇಲೆ ಎತ್ತರದ ರೈಲುಹಾದಿಗಳನ್ನು ಕಟ್ಟಿಕೊಡುವ ಪ್ರಲೋಭನೆ ಒಡ್ಡಿದವು. ಬೀದಿಗಳ ಮೇಲೆ ಕತ್ತಲೆ ಕವಿಸುವ ಆ ಕಬ್ಬಿಣದ ಚಪ್ಪರ ಬೇಡ, ಏಕನಿಲ್ದಾಣವೇ ಬೇಕು ಎಂದು ಶೇಕಡಾ 61ಕ್ಕಿಂತ ಹೆಚ್ಚು ಮಂದಿ ಮತ ಹಾಕಿದರು. ಆ ನಿಲ್ದಾಣ ಹಳೆಯ ಪ್ಲಾಜಾದ ಬಳಿ ಇರಬೇಕೆ ಎಂಬ ಎರಡನೆಯ ಪ್ರಶ್ನೆಗೆ ಹೌದೆಂದವರು ಶೇಕಡಾ 51ರಷ್ಟು ಮಾತ್ರ. 1939ರ ಮೇ ತಿಂಗಳಲ್ಲಿ ತೆರೆದ ಇಂದಿನ ಯೂನಿಯನ್ ಸ್ಟೇಷನ್ ಎಂಬ ಸುಂದರ ಕಟ್ಟಡ ಆ ಮತದ ಫಲ. ಕಂಪನಿಗಳ ಪ್ರಭಾವಕ್ಕೆ ಎದುರಾಗಿ ಜನಮತ ಗೆದ್ದಿತೆಂದು ಈ ಪ್ರಸಂಗವನ್ನು ಪಾಠಪುಸ್ತಕಗಳಂತೆ ಇಲ್ಲಿಗೇ ಮುಗಿಸಬಹುದಿತ್ತು.

ಯಾರನ್ನು ಕೇಳಲಿಲ್ಲ

ಆದರೆ ಆ ಎರಡನೆಯ ಪ್ರಶ್ನೆಯನ್ನು ಮತ್ತೊಮ್ಮೆ ನೋಡಬೇಕು. ಪ್ಲಾಜಾದ ಬಳಿಯ ಆ ನೆಲ ಖಾಲಿ ನೆಲವಾಗಿರಲಿಲ್ಲ. ಅಲ್ಲಿ ಹಳೆಯ ಚೈನಾಟೌನ್ ಇತ್ತು. ಅಂಗಡಿ, ಗುಡಿ, ಮನೆಗಳು ಇದ್ದವು. ವಲಸೆ ಬಂದ ಚೀನೀಯರಿಗೆ ಅಂದಿನ ಕಾನೂನಿನ ಪ್ರಕಾರ ಅಮೆರಿಕದ ಪೌರತ್ವ ದೊರೆಯುತ್ತಿರಲಿಲ್ಲ. 1943ರವರೆಗೂ ಆ ಬಾಗಿಲು ಮುಚ್ಚಿತ್ತು. ಮನೆಗಳ ನೆಲವೂ ಬಹುಮಟ್ಟಿಗೆ ಅವರದಾಗಿರಲಿಲ್ಲ. ಇಡೀ ನಗರ ಮತ ಹಾಕಿ ಅವರ ಬೀದಿಗಳನ್ನು ಅಳಿಸಲು ತೀರ್ಮಾನಿಸಿದಾಗ, ಆ ಬೀದಿಗಳಲ್ಲಿ ಬಾಳುತ್ತಿದ್ದ ಹಿರಿಯ ತಲೆಮಾರಿಗೆ ಮತಪತ್ರವೇ ಇರಲಿಲ್ಲ. 1933ರಲ್ಲಿ ಮನೆಗಳನ್ನು ಕೆಡವುವ ಕೆಲಸ ಆರಂಭವಾಯಿತು. 1938ರಲ್ಲಿ ಅವರು ಬೇರೊಂದು ಕಡೆ ಹೊಸ ಚೈನಾಟೌನನ್ನು ಕಟ್ಟಿಕೊಂಡರು.

ಇದು ಚೀನೀಯರ ಕಥೆಯೆಂದು ನಾವು ಪಕ್ಕಕ್ಕಿಡುವಂತಿಲ್ಲ. 1923ರ ಫೆಬ್ರವರಿಯಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪು ಕೊಟ್ಟಿತ್ತು. ಅಂದಮೇಲೆ 1924ರ ಬೀದಿ ಯೋಜನೆಗೂ 1926ರ ನಿಲ್ದಾಣಕ್ಕೂ ಮತ ಹಾಕುವ ಅಧಿಕಾರ ಇಂಡಿಯಾದಿಂದ ಇಲ್ಲಿಗೆ ಬಂದು ದುಡಿಯುತ್ತಿದ್ದವರಲ್ಲಿ ಬಹುತೇಕರಿಗೆ ಇರಲಿಲ್ಲ. 1946ರ ಲೂಸ್-ಸೆಲ್ಲರ್ ಕಾಯಿದೆಯಿಂದ ಆ ಬಾಗಿಲು ತೆರೆಯಿತು. ಹತ್ತೇ ವರ್ಷಗಳಲ್ಲಿ, 1956ರಲ್ಲಿ, ದಲೀಪ್ ಸಿಂಗ್ ಸೌಂಡ್ ಇದೇ ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದರು. ಇಂದು ನಮ್ಮ ಕೈಗೆ ಬರುವ ಮತಪತ್ರ, ಅದರಲ್ಲಿ ಬರುವ ರಸ್ತೆ ರೈಲುಗಳ ನೀರಸ ಪ್ರಶ್ನೆಗಳು, ಇವೆಲ್ಲ ಎಷ್ಟು ಜನರ ಕಾಯುವಿಕೆಯ ನಂತರ ಬಂದವೆಂಬುದು ನೆನಪಿರಲಿ.

ಮತವಿಲ್ಲದವರ ಬೀದಿ ಅಳಿದದ್ದು ಒಂದು ಕಡೆ. ಮತವಿದ್ದೂ ಯಾರನ್ನೂ ಕೇಳದೆ ಹೆದ್ದಾರಿಗಳು ಬಂದದ್ದು ಇನ್ನೊಂದು ಕಡೆ. 1947ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಪೆಟ್ರೋಲಿನ ಮೇಲಿನ ತೆರಿಗೆಯನ್ನು ಹೆಚ್ಚಿಸಿ ಹೆದ್ದಾರಿಗಳಿಗೆ ಮೀಸಲಿಟ್ಟಿತು. ಹಣ ತಾನೇ ಬರತೊಡಗಿದ ಮೇಲೆ ಮತ ಕೇಳುವ ಅಗತ್ಯ ಉಳಿಯಲಿಲ್ಲ. ಫ್ರೀವೇಗಳ ಮಹಾಯುಗ ಹೀಗೆ ಎಂಜಿನಿಯರುಗಳ ನಕ್ಷೆಯಿಂದಲೇ ನಡೆಯಿತು. ಎಲ್ ಸೆಗುಂಡೋದ ಉತ್ತರದ ಅಂಚಿನಲ್ಲಿ ಕೊನೆಗೊಳ್ಳುವ 105, ಅಂದರೆ ಸೆಂಚುರಿ ಫ್ರೀವೇ, ಆ ಯುಗದ ಕೊನೆಯ ಕೂಸು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ ಬಿಡಬೇಕಾಯಿತು. ಅವುಗಳಲ್ಲಿ ಹೆಚ್ಚಿನವು ಬಡವರ, ಕರಿಯರ, ಲ್ಯಾಟಿನೋ ಜನರ ಮನೆಗಳು. ಮತಪೆಟ್ಟಿಗೆಯ ಬಾಗಿಲು ಮುಚ್ಚಿದ್ದುದರಿಂದ ಅವರು ನ್ಯಾಯಾಲಯದ ಬಾಗಿಲು ತಟ್ಟಿದರು. 1972ರಲ್ಲಿ ನ್ಯಾಯಾಧೀಶ ಹ್ಯಾರಿ ಪ್ರೆಗರ್‌ಸನ್ ಕಾಮಗಾರಿಗೆ ತಡೆಯಾಜ್ಞೆ ಕೊಟ್ಟರು. 1979ರ ರಾಜಿ ತೀರ್ಪಿನಂತೆ ಮನೆ ಕಳೆದುಕೊಂಡವರಿಗೆ ಬದಲಿ ವಸತಿ, ಸ್ಥಳೀಯರಿಗೆ ಉದ್ಯೋಗ, ರಸ್ತೆಯ ನಡುವೆ ರೈಲಿಗೆ ಜಾಗ, ಇವೆಲ್ಲ ಕರಾರಾದವು. 17 ಮೈಲಿಯ ಆ ರಸ್ತೆ ತೆರೆದದ್ದು 1993ರ ಅಕ್ಟೋಬರಿನಲ್ಲಿ. 1995ರ ಆಗಸ್ಟಿನಲ್ಲಿ ಅದರ ನಡುವೆ ಗ್ರೀನ್ ಲೈನ್ ರೈಲು ಓಡಿ ಎಲ್ ಸೆಗುಂಡೋಕ್ಕೂ ಬಂತು. ಆ ಮಾರ್ಗದ ಎಲ್ ಸೆಗುಂಡೋ ಕವಲಿನಲ್ಲಿ 2024ರ ನವೆಂಬರಿನಿಂದ ಕೆ ಲೈನ್ ಓಡುತ್ತಿದೆ. ಒಂದು ಮತದಾನದಲ್ಲಿ ಮುಗಿಯಬಹುದಾಗಿದ್ದ ಮಾತು ಇಪ್ಪತ್ತು ವರ್ಷಗಳ ವ್ಯಾಜ್ಯವಾಯಿತು ಎನ್ನಬಹುದೆ? ಹಾಗೆ ಖಚಿತವಾಗಿ ಹೇಳಲಾರೆ. ಇಡೀ ಜಿಲ್ಲೆಯೇ ಮತ ಹಾಕಿದ್ದರೆ ಆ ಬಡಾವಣೆಗಳ ಧ್ವನಿ ಬಹುಮತದಲ್ಲಿ ಮುಳುಗಿಹೋಗುತ್ತಿತ್ತೋ ಏನೋ. ಅಲ್ಪಸಂಖ್ಯಾತರಿಗೆ ನ್ಯಾಯಾಲಯ ಕೊಟ್ಟ ರಕ್ಷಣೆಯನ್ನು ಬಹುಮತ ಕೊಡುತ್ತದೆಂಬ ಭರವಸೆಯಿಲ್ಲ.

ಅರ್ಧ ಸೆಂಟಿನ ಇತಿಹಾಸ

ಹಣ ಸಾಲದಾದಾಗ ಜನಮತ ಮತ್ತೆ ಹಿಂದಿರುಗಿತು. ಈ ಬಾರಿ ಬಂದದ್ದು ಮಾರಾಟ ತೆರಿಗೆಯ ರೂಪದಲ್ಲಿ. ಲಾಸ್ ಏಂಜಲೀಸ್ ಜಿಲ್ಲೆಯಲ್ಲಿ ರೈಲು ಮತ್ತು ಸಾರಿಗೆಗಾಗಿ ತೆರಿಗೆ ಕೇಳಿದ ಪ್ರಸ್ತಾವಗಳು 1968, 1974, 1976ರಲ್ಲಿ ಮೂರು ಬಾರಿ ಸೋತವು. 1980ರಲ್ಲಿ ಕೆನೆತ್ ಹಾನ್ ಅವರ ಮುಂದಾಳುತನದಲ್ಲಿ ‘ಎ’ ಪ್ರಸ್ತಾವ ಗೆದ್ದಿತು. ಗೆದ್ದದ್ದು ಹೇಗೆ ಎಂಬುದರಲ್ಲಿ ಪಾಠವಿದೆ. ತೆರಿಗೆ ಡಾಲರಿಗೆ ಅರ್ಧ ಸೆಂಟು ಮಾತ್ರ. ಅದರಲ್ಲಿ ಕಾಲು ಪಾಲು ಎಲ್ ಸೆಗುಂಡೋದಂಥ ಊರುಗಳಿಗೆ ನೇರವಾಗಿ ಹಿಂದಿರುಗುತ್ತದೆ. ಮೊದಲ ಮೂರು ವರ್ಷ ಬಸ್ಸಿನ ದರ 50 ಸೆಂಟಿಗೆ ಇಳಿಯುತ್ತದೆ. ರೈಲು ಎಲ್ಲೆಲ್ಲಿ ಹೋಗುತ್ತದೆಂಬ ನಕ್ಷೆಯೂ ಮತದಾರನ ಕೈಯಲ್ಲಿರುತ್ತದೆ. ದೂರದ ಲಾಭವನ್ನು ಮಾತ್ರ ತೋರಿಸದೆ ಹತ್ತಿರದ ಲಾಭವನ್ನೂ ತೋರಿಸಿದ್ದರಿಂದ ಶೇಕಡಾ 54ರಷ್ಟು ಮಂದಿ ಒಪ್ಪಿದರು.

ಆದರೆ 1978ರ 13ನೆಯ ಪ್ರಸ್ತಾವದ ನಂತರ ಇಂಥ ವಿಶೇಷ ತೆರಿಗೆಗಳಿಗೆ ಮೂರನೇ ಎರಡರ ಬಹುಮತ ಬೇಕಲ್ಲವೆ ಎಂಬ ತಕರಾರು ಎದ್ದಿತು. 1982ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಈ ತೆರಿಗೆಗೆ ಸರಳ ಬಹುಮತ ಸಾಕೆಂದಿತು. ಆದ್ದರಿಂದಲೇ 1990ರಲ್ಲಿ ಎರಡನೆಯ ಅರ್ಧ ಸೆಂಟು ಶೇಕಡಾ 50.4 ಮತದಿಂದ ಗೆದ್ದಿತು. ಮುಂದೆ 1996ರ 218ನೆಯ ಪ್ರಸ್ತಾವ ನಿಯಮವನ್ನು ಬಿಗಿಗೊಳಿಸಿತು. 2008ರಲ್ಲಿ ‘ಆರ್’, 2016ರಲ್ಲಿ ‘ಎಮ್’ ಮೂರನೇ ಎರಡನ್ನು ದಾಟಿ ಗೆದ್ದವು. ನಡುವೆ 2012ರಲ್ಲಿ ‘ಜೆ’ ಪ್ರಸ್ತಾವ ಶೇಕಡಾ 66.1 ಪಡೆದೂ ಸೋತಿತು. ಶೇಕಡಾ 50.4 ಗೆಲ್ಲುವುದು, 66.1 ಸೋಲುವುದು! ಜನಮತವೆಂದರೆ ಬರಿಯ ಜನರ ಮನಸ್ಸಲ್ಲ, ಎಣಿಸುವ ನಿಯಮವೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಸ್ಯಾನ್ ಡಿಯೇಗೋದ ಬಂಧುಗಳು ತಮ್ಮ ಜಿಲ್ಲೆಯ ಕಥೆಯನ್ನೂ ಕೇಳಬಯಸುವಿರಿ. ಅಲ್ಲಿ 1987ರಲ್ಲಿ ಟ್ರಾನ್ಸ್‌ನೆಟ್ ಎಂಬ ಅರ್ಧ ಸೆಂಟಿನ ತೆರಿಗೆ ಇಪ್ಪತ್ತು ವರ್ಷಗಳ ಅವಧಿಗೆ ಅಂಗೀಕೃತವಾಯಿತು. ಹೆದ್ದಾರಿಗೆ ಒಂದು ಪಾಲು, ಸಾರ್ವಜನಿಕ ಸಾರಿಗೆಗೆ ಒಂದು ಪಾಲು, ಊರಿನೊಳಗಿನ ಬೀದಿಗಳಿಗೆ ಒಂದು ಪಾಲು ಎಂಬ ಸಮ ಹಂಚಿಕೆ ಅದರ ಜೀವಾಳ. 2004ರಲ್ಲಿ ಅದನ್ನು ನಲವತ್ತು ವರ್ಷ ಮುಂದುವರಿಸಲು ಶೇಕಡಾ 67 ಮಂದಿ ಒಪ್ಪಿದರು. ಬೇಕಾದ ಗೆರೆಯನ್ನು ಕೂದಲೆಳೆಯಲ್ಲಿ ದಾಟಿದಂತಾಯಿತು. 2016ರಲ್ಲಿ ಇನ್ನೊಂದು ಅರ್ಧ ಸೆಂಟು ಕೇಳಿದಾಗ ಸುಮಾರು ಶೇಕಡಾ 58 ದೊರೆತರೂ ಸಾಲದಾಯಿತು. 2024ರಲ್ಲಿ ನಾಗರಿಕರ ಸಹಿಯ ಮೂಲಕ ಬಂದ ‘ಜಿ’ ಪ್ರಸ್ತಾವಕ್ಕೆ ಸರಳ ಬಹುಮತವೇ ಸಾಕಾಗಿತ್ತು. ಅದೂ ಅತ್ಯಲ್ಪ ಅಂತರದಲ್ಲಿ ಕೈತಪ್ಪಿತು.

ಲಾಸ್ ಏಂಜಲೀಸ್ ಜಿಲ್ಲೆಯಲ್ಲಿ ಹೀಗೆ ನಾಲ್ಕು ಅರ್ಧ ಸೆಂಟುಗಳು ಕೂಡಿಕೊಂಡಿವೆ. ನಮ್ಮ ಅಕ್ಕಿ ಬೇಳೆಗೆ ಈ ತೆರಿಗೆ ಇಲ್ಲ. ಆದರೆ ಅದನ್ನು ಬೇಯಿಸುವ ಕುಕ್ಕರು ನೂರು ಡಾಲರಿನದಾದರೆ ಎರಡು ಡಾಲರು ಸಾರಿಗೆಗೆ ಹೋಗುತ್ತದೆ. ಮೊನ್ನೆ ವಿಮಾನದಿಂದ ಇಳಿದ ವಿದ್ಯಾರ್ಥಿಯೂ ಇದನ್ನು ಕೊಡುತ್ತಾನೆ, ಮಗಳ ಬಾಣಂತನಕ್ಕೆ ಬಂದ ತಾಯಿಯೂ ಕೊಡುತ್ತಾಳೆ. ಮತ ಮಾತ್ರ ಪೌರನಿಗೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಬರುವ ‘ಹೆಜ್ಜುಂಕ’ವನ್ನು ಕೊಟ್ಟ ವರ್ತಕನಿಗೂ ಇಂದು ಗ್ರೀನ್ ಕಾರ್ಡಿಗಾಗಿ ಕಾಯುತ್ತಿರುವ ಎಂಜಿನಿಯರಿಗೂ ಈ ವಿಷಯದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಯೋಜನೆಯನ್ನೇ ಮತಕ್ಕೆ ಹಾಕಿದ ವರ್ಷ

ತೆರಿಗೆಗೆ ಮತ ಕೇಳುವುದು ಒಂದು. ರಸ್ತೆಯ ಸ್ವರೂಪಕ್ಕೇ ಮತ ಕೇಳುವುದು ಇನ್ನೊಂದು. 1924ರ ನಂತರ ಸರಿಯಾಗಿ ನೂರು ವರ್ಷಕ್ಕೆ ಲಾಸ್ ಏಂಜಲೀಸಿನಲ್ಲಿ ಎರಡನೆಯದು ಮತ್ತೆ ನಡೆಯಿತು. ನಗರಸಭೆಯು 2015ರಲ್ಲಿ ‘ಮೊಬಿಲಿಟಿ ಪ್ಲಾನ್ 2035’ ಎಂಬ ಯೋಜನೆಯನ್ನು ಅಂಗೀಕರಿಸಿತ್ತು: ಇಂತಿಂಥ ಬೀದಿಗಳಲ್ಲಿ ಬಸ್ಸಿಗೆ ಸಾಲು, ಸೈಕಲ್ಲಿಗೆ ಸಾಲು, ನಡೆಯುವವರಿಗೆ ಅನುಕೂಲ. ಯೋಜನೆ ಕಾಗದದಲ್ಲಿಯೇ ಉಳಿದು, ಅತ್ಯಲ್ಪ ಭಾಗ ಮಾತ್ರ ಬೀದಿಗೆ ಇಳಿಯಿತು. ಇತ್ತ 2023ರಲ್ಲಿ ನಗರದ ರಸ್ತೆಗಳಲ್ಲಿ ಸತ್ತವರ ಸಂಖ್ಯೆ 300ನ್ನು ಮೀರಿತ್ತು. ಆಗ ನಾಗರಿಕರೇ ಸಹಿ ಸಂಗ್ರಹಿಸಿ ಒಂದು ಪ್ರಸ್ತಾವವನ್ನು ಮತಪತ್ರಕ್ಕೆ ತಂದರು. ನಗರವು ಒಂದು ಮೈಲಿಯ ಎಂಟನೇ ಒಂದು ಭಾಗಕ್ಕಿಂತ ಕಡಿಮೆಯಿಲ್ಲದಷ್ಟು ರಸ್ತೆಗೆ ಹೊಸ ಡಾಂಬರು ಹಾಕುವಾಗಲೆಲ್ಲ, ಆ ಬೀದಿಗೆ ಯೋಜನೆಯಲ್ಲಿ ಹೇಳಿದ ಸುಧಾರಣೆಯನ್ನೂ ಮಾಡಲೇಬೇಕು ಎಂಬುದೇ ಅದರ ಸಾರ. ಎಚ್‌ಎಲ್‌ಎ ಎಂದು ಹೆಸರಾದ ಈ ಪ್ರಸ್ತಾವವನ್ನು ಅಗ್ನಿಶಾಮಕ ಸಿಬ್ಬಂದಿಯ ಸಂಘ ವಿರೋಧಿಸಿತು. ತುರ್ತು ವಾಹನಗಳಿಗೆ ತಡವಾಗುತ್ತದೆಂಬುದು ಅವರ ಆತಂಕ. ಶತಕೋಟಿಗಟ್ಟಲೆ ಡಾಲರು ಬೇಕಾಗುತ್ತದೆಂದು ನಗರದ ಆಡಳಿತಾಧಿಕಾರಿ ಎಚ್ಚರಿಸಿದರು. ಆದರೂ 2024ರ ಮಾರ್ಚ್ 5ರಂದು ಸುಮಾರು ಮೂರನೇ ಎರಡರಷ್ಟು ಮತದಿಂದ ಅದು ಗೆದ್ದಿತು.

2017ರಲ್ಲಿ ಸಾಲು ಕಡಿಮೆ ಮಾಡಿದ್ದಕ್ಕೆ ಬೀದಿಗಿಳಿದು ಕೂಗಿದ ನಗರ 2024ರಲ್ಲಿ ಅಂಥದೇ ಬದಲಾವಣೆಗಳಿಗೆ ದಾರಿ ಮಾಡುವ ಕಾನೂನಿಗೆ ಮತ ಹಾಕಿದ್ದು ಹೇಗೆ? ನನಗೆ ತೋರುವ ಕಾರಣ ಇಷ್ಟು. ರಸ್ತೆಯಲ್ಲಿ ಸಿಕ್ಕಿಕೊಂಡವನ ಕೋಪ ಒಂದೆಡೆ ಗುಂಪುಗೂಡುತ್ತದೆ. ಮಗುವನ್ನು ಶಾಲೆಗೆ ನಡೆಸಿಕೊಂಡು ಹೋಗುವ ತಾಯಿಯ ಭಯ ಊರಿನ ತುಂಬ ಚದುರಿರುತ್ತದೆ. ಮೊದಲನೆಯದು ಸಭೆಯಲ್ಲಿ ಕೇಳಿಸುತ್ತದೆ, ಎರಡನೆಯದು ಮತಪೆಟ್ಟಿಗೆಯಲ್ಲಿ ಮಾತ್ರ ಎಣಿಕೆಗೆ ಬರುತ್ತದೆ. ಆದರೆ ಮತವೇ ಕೊನೆಯ ಮಾತೂ ಅಲ್ಲ. ಯಾವುದು ಹೊಸ ಡಾಂಬರು, ಯಾವುದು ಬರಿಯ ತೇಪೆ ಎಂಬ ವ್ಯಾಖ್ಯಾನದ ಜಗಳ ಮತದಾನದ ಬೆನ್ನಿಗೇ ಆರಂಭವಾಯಿತು. ಕಾನೂನನ್ನು ಗೆದ್ದವರು ಕಾವಲನ್ನೂ ಕಾಯಬೇಕಾಗುತ್ತದೆ.

ನಮ್ಮ ನಾಡಿನಲ್ಲಿ

ಇನ್ನು ತಾಯ್ನಾಡಿನ ಕಡೆ ನೋಡೋಣ. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ 144 ಮಂದಿ ಪ್ರತಿನಿಧಿಗಳು ಬಂದಿದ್ದರು. ಅವರು ತಮ್ಮ ಸೀಮೆಯ ಕುಂದುಕೊರತೆಗಳನ್ನು ದಿವಾನರ ಮುಂದೆ ಅರಿಕೆ ಮಾಡಿಕೊಳ್ಳಬಹುದಿತ್ತು, ತೀರ್ಮಾನಿಸುವ ಅಧಿಕಾರವಿರಲಿಲ್ಲ. 1923ರ ಸುಧಾರಣೆಗಳಿಂದ ಹೊಸ ತೆರಿಗೆ ಹಾಕುವ ಮೊದಲು ಸಭೆಯನ್ನು ಕೇಳಬೇಕೆಂಬ ನಿಯಮ ಬಂತು. ಸ್ವಾತಂತ್ರ್ಯಾನಂತರ ಅಬ್ದುಲ್ ನಜೀರ್ ಸಾಬರ ಆಸ್ಥೆಯಿಂದ ರೂಪುಗೊಂಡ 1983ರ ಪಂಚಾಯತಿ ಕಾಯಿದೆಯೂ, ಅದರ ನಂತರದ 1993ರ ಕಾಯಿದೆಯೂ ಗ್ರಾಮಸಭೆಗೆ ಸ್ಥಾನ ಕೊಟ್ಟವು. ಊರಿನ ಕಾಮಗಾರಿಗಳನ್ನು ಊರಿನ ಮತದಾರರೆಲ್ಲ ಕುಳಿತು ಚರ್ಚಿಸಬೇಕೆಂಬ ಆಶಯ ಅದು. ಇಲ್ಲಿಯ ಹಾಗೆ ರಸ್ತೆಯೊಂದನ್ನು ಮತಪತ್ರದ ಮೇಲೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ.

ಪದ್ಧತಿಯಿಲ್ಲದೆಡೆ ಜನ ತಾವೇ ಮಾರ್ಗ ಕಂಡುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರಿನ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆಗೆ ಸುಮಾರು 1,791 ಕೋಟಿ ರೂಪಾಯಿ ಗೊತ್ತುಮಾಡಿ, 812 ಮರಗಳನ್ನು ಕಡಿಯಬೇಕಾಗುತ್ತದೆಂದಾಗ, 2016ರ ಅಕ್ಟೋಬರ್ 16ರಂದು ಸಾವಿರಾರು ಮಂದಿ ಕೈಕೈ ಹಿಡಿದು ಆ ಹಾದಿಯುದ್ದಕ್ಕೂ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅದೊಂದು ಎಣಿಸದ ಮತದಾನವೇ ಸರಿ. ಆದರೆ ಬೇಕೆನ್ನುವವರು ಎಷ್ಟಿದ್ದರೆಂಬುದು ಅದರಿಂದ ತಿಳಿಯಲಿಲ್ಲ. ಕೈಹಿಡಿದು ನಿಂತವರನ್ನು ಮಾತ್ರ ನಾವು ಕಂಡೆವು. ಬಂಡೀಪುರದ ಕಾಡಿನ ಹಾದಿಯಲ್ಲಿ 2009ರಿಂದ ರಾತ್ರಿ ಸಂಚಾರ ನಿಷೇಧವಾಗಿರುವುದನ್ನು ನೀವು ಬಲ್ಲಿರಿ. ಅದನ್ನು ಮತಕ್ಕೆ ಹಾಕುವುದಾದರೆ ಗುಂಡ್ಲುಪೇಟೆಯವರು ಹಾಕಬೇಕೆ, ವಯನಾಡಿನವರು ಹಾಕಬೇಕೆ? ಮತವೇ ಇಲ್ಲದ ಆನೆ ಜಿಂಕೆಗಳ ಪರವಾಗಿ ಯಾರು ಹಾಕಬೇಕು? ವಿಸ್ಟಾ ಡೆಲ್ ಮಾರ್‌ನ ಪ್ರಶ್ನೆ ಅಲ್ಲಿಯೂ ಬೇರೆ ವೇಷದಲ್ಲಿ ನಿಂತಿದೆ.

ನಮಗೆ ಉಳಿದ ಕೆಲಸ

ಇಷ್ಟು ಹೇಳಿದ ಮೇಲೆ ಮತದಾನವೇ ಸರ್ವರೋಗಕ್ಕೂ ಮದ್ದು ಎನ್ನಲಾರೆ, ಅದು ನಿಷ್ಪ್ರಯೋಜಕವೆಂದೂ ಹೇಳಲಾರೆ. ಹಣವೆಷ್ಟು, ಊರಿನ ಬೀದಿಗಳು ಒಟ್ಟಾರೆ ಹೇಗಿರಬೇಕು ಎಂಬ ದೊಡ್ಡ ತೀರ್ಮಾನಗಳನ್ನು ಜನರ ಮುಂದಿಟ್ಟಾಗ 1924ರಲ್ಲಿಯೂ 2024ರಲ್ಲಿಯೂ ಅವರು ದೂರದೃಷ್ಟಿಯಿಂದಲೇ ಉತ್ತರಿಸಿದ್ದಾರೆ. ಒಂದು ನಿರ್ದಿಷ್ಟ ಬೀದಿಯವರ ಮನೆಮಠದ ಅಳಿವು ಉಳಿವನ್ನು ಇಡೀ ಊರಿನ ಬಹುಮತಕ್ಕೆ ಬಿಟ್ಟಾಗ 1926ರ ಅನ್ಯಾಯ ನಡೆದಿದೆ. ಈ ವಿವೇಚನೆಯನ್ನು ಮತದಾರನೇ ಮಾಡಬೇಕು, ಮತಪತ್ರ ಮಾಡಿಕೊಡುವುದಿಲ್ಲ.

ನಮ್ಮ ಕುಟುಂಬಗಳ ಮಟ್ಟಿಗೆ ಮೂರು ಮಾತು. ಪೌರತ್ವ ಪಡೆದವರು ಮತಪತ್ರದಲ್ಲಿ ರಾಷ್ಟ್ರಾಧ್ಯಕ್ಷರ ಹೆಸರಿಗೆ ಗುರುತು ಹಾಕಿ ಕೆಳಗಿನ ಪ್ರಸ್ತಾವಗಳನ್ನು ಖಾಲಿ ಬಿಡಬಾರದು. ದಿನದ ಬದುಕು ಇರುವುದು ಆ ಕೆಳಗಿನ ಸಾಲುಗಳಲ್ಲಿ. ಪೌರತ್ವವಿಲ್ಲದವರೂ ಮೂಕರಾಗಬೇಕಿಲ್ಲ. 1953ರ ಬ್ರೌನ್ ಕಾಯಿದೆಯ ಪ್ರಕಾರ ನಗರಸಭೆಯ ಕೂಟಗಳು ಎಲ್ಲರಿಗೂ ತೆರೆದಿರಬೇಕು. ಅಲ್ಲಿ ಎದ್ದು ಮಾತನಾಡಲು ಪೌರತ್ವದ ಪತ್ರ ತೋರಿಸಬೇಕಿಲ್ಲ. ಮೂರನೆಯದಾಗಿ, 1999ರ ಸನ್ನದಿನಿಂದ ಲಾಸ್ ಏಂಜಲೀಸಿನಲ್ಲಿ ಸ್ಥಾಪಿತವಾದ ನೆರೆಹೊರೆ ಮಂಡಳಿಗಳ ಚುನಾವಣೆಯಲ್ಲಿ ಅಲ್ಲಿ ವಾಸಿಸುವವರಷ್ಟೇ ಅಲ್ಲ, ಅಲ್ಲಿ ದುಡಿಯುವವರೂ ಮತ ಹಾಕಬಹುದು, ಪೌರತ್ವದ ಕಟ್ಟುಪಾಡಿಲ್ಲ. ಆ ಮಂಡಳಿಗಳಿಗೆ ಸಲಹೆ ಕೊಡುವ ಅಧಿಕಾರ ಮಾತ್ರ ಇದೆಯೆಂಬುದು ನಿಜ. ನಮ್ಮ ಪ್ರಜಾಪ್ರತಿನಿಧಿ ಸಭೆಯೂ ಅರಿಕೆಯಿಂದಲೇ ಆರಂಭವಾಯಿತಲ್ಲವೆ?

ಹೊರಗೆ ಕತ್ತಲಾಗುತ್ತಿದೆ, ಸ್ಯಾನ್ ಡಿಯೇಗೋದವರು ನೂರಕ್ಕೂ ಹೆಚ್ಚು ಮೈಲಿ ಹಿಂದಿರುಗಬೇಕು. ದಾರಿಯಲ್ಲಿ ಎಲ್ಲಿಯಾದರೂ ಸಿಕ್ಕಿಕೊಂಡರೆ, ಈ ಹಾದಿಯನ್ನು ಯಾರನ್ನು ಕೇಳಿ ಮಾಡಿದರೆಂದು ಮಕ್ಕಳಿಗೆ ಹೇಳಿ. ಮುಂದಿನ ಹಾದಿಗೆ ಅವರನ್ನೂ ಕೇಳುತ್ತಾರೆಂಬುದನ್ನೂ ತಿಳಿಸಿ.